ಪಕ್ಷಿ ಛಾಯಾಗ್ರಹಣ: ಬೆಳ್ಳಕ್ಕಿಯ ಬಿಳುಪು ಉಳಿಯಬೇಕಾದರೆ

ಶ್ರೀರಂಗಪಟ್ಟಣದ ಸಮೀಪ, ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟಿಗೆ ಹೋಗಿಬಂದ ಹವ್ಯಾಸಿಗಳ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬೆಳ್ಳಕ್ಕಿಗಳಿರುತ್ತವೆ. ಒಂದು, ಗರಿಗಳೇ ಕಾಣದಂತೆ ಸುಣ್ಣ ಬಳಿದ ಗೋಡೆಯಂತಾದದ್ದು. ಇನ್ನೊಂದು, ಮಾಸಿದ ಪಂಚೆಯ ಬಣ್ಣದ್ದು. ತಪ್ಪು ಬಹುತೇಕ ಲೆನ್ಸಿನದಲ್ಲ, ಬೆಳಕಿನ ಮಾಪಕದ ಮೇಲಿಟ್ಟ ಅತಿಯಾದ ನಂಬಿಕೆಯದು.

ಹಕ್ಕಿಯ ಕಣ್ಣನ್ನು ಗುರುತಿಸಿ ತಾನೇ ಫೋಕಸ್ ಮಾಡುವ ಕ್ಯಾಮೆರಾಗಳು ಈಗ ಬಂದಿವೆ. ಆದರೆ ಎಕ್ಸ್‌ಪೋಷರ್ ವಿಷಯದಲ್ಲಿ ಮಾಪಕದ ಒಲವು ಇಂದಿಗೂ ದೃಶ್ಯವನ್ನು ಮಧ್ಯಮ ಬೂದು ಛಾಯೆಗೆ ತರುವ ಕಡೆಗೇ. ಹೀಗಾಗಿ ಬೆಳ್ಳಕ್ಕಿ ಚೌಕಟ್ಟನ್ನು ತುಂಬಿದ್ದರೆ ಚಿತ್ರ ಮಂಕಾಗುತ್ತದೆ. ಎಕ್ಸ್‌ಪೋಷರನ್ನು ಸುಮಾರು ಒಂದು ಸ್ಟಾಪ್ ಹೆಚ್ಚಿಸಬೇಕು. ಅದೇ ಹಕ್ಕಿ ದಟ್ಟ ಹಸಿರಿನ ಮುಂದೆ ಚಿಕ್ಕದಾಗಿ ಕುಳಿತಿದ್ದರೆ ಮಾಪಕ ಕತ್ತಲೆಯನ್ನೇ ಓದಿ ಬಿಳುಪನ್ನು ಸುಟ್ಟುಬಿಡುತ್ತದೆ. ಆಗ ಒಂದು ಸ್ಟಾಪ್ ಇಳಿಸಬೇಕು. ಹಕ್ಕಿ ಒಂದೇ, ತಿದ್ದುಪಡಿ ಮಾತ್ರ ತದ್ವಿರುದ್ಧ. ಹೊಸಬರು ಎಡವುವುದು ಇಲ್ಲಿಯೇ. ಚೌಕಟ್ಟು ತುಂಬಿದ ನೀರುಕಾಗೆಗೆ ಇಳಿಸುವುದು, ಮೋಡದ ಬೆಳ್ಳನೆಯ ಆಕಾಶದಲ್ಲಿ ಹಾರುವ ಹಕ್ಕಿಗೆ ಒಂದರಿಂದ ಎರಡು ಸ್ಟಾಪ್ ಏರಿಸುವುದು ಇದೇ ತರ್ಕದ ಮುಂದುವರಿಕೆ.

ಬಿಸಿಲು ಸ್ಥಿರವಾಗಿದ್ದರೆ ಮ್ಯಾನುಯಲ್ ವಿಧಾನವೇ ಲೇಸು. ಹಕ್ಕಿ ಆಕಾಶದಿಂದ ಮರದ ಮುಂದಕ್ಕೆ ಹಾರಿದರೂ ಅದರ ಮೇಲೆ ಬೀಳುವ ಬೆಳಕು ಬದಲಾಗದು. ಎದುರಿನಿಂದ ಪೂರ್ಣ ಬಿಸಿಲು ಬಿದ್ದ ಹಕ್ಕಿಗೆ ಐಎಸ್‌ಒ 400, ಅಪರ್ಚರ್ ಎಫ್/8, ಶಟರ್ ವೇಗ ಸೆಕೆಂಡಿನ 1/1600 ಎಂಬುದು ಫಿಲಂ ಕಾಲದಿಂದ ಬಂದ ಲೆಕ್ಕ. ಬೆಳ್ಳಕ್ಕಿಗಾದರೆ 1/3200. ಬಿಳಿ ಮೈ, ಕಪ್ಪು ಪಟ್ಟೆ, ಗುಲಾಬಿ ಗರಿಗಳೆಲ್ಲ ಒಂದರಲ್ಲೇ ಇರುವ ಬಣ್ಣದ ಕೊಕ್ಕರೆಯಲ್ಲಿ ಬಿಳುಪನ್ನೇ ಲೆಕ್ಕಕ್ಕೆ ಹಿಡಿಯತಕ್ಕದ್ದು. ರಾ ಕಡತದಲ್ಲಿ ನೆರಳನ್ನು ಮೇಲೆತ್ತಬಹುದು. ಪೂರ್ತಿ ಸುಟ್ಟ ಬಿಳುಪಿನಲ್ಲಿ ಗರಿ ಮರಳಿ ಬಾರದು. ಹಿಸ್ಟೋಗ್ರಾಂ ಬಲ ಅಂಚಿಗೆ ತಾಗಿ ರಾಶಿಯಾಗಿದೆಯೇ ಎಂದು ನೋಡಲು ಕ್ಷಣವೊಂದು ಸಾಕು. 36 ಚಿತ್ರಗಳ ರೋಲ್ ತೊಳೆಯುವವರೆಗೂ ಫಲಿತಾಂಶ ತಿಳಿಯದಿದ್ದ ದಿನಗಳಲ್ಲಿ ದುಡಿದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932-2017) ಅವರಂಥ ಹಿರಿಯರಿಗೆ ಈ ಅನುಕೂಲವಿರಲಿಲ್ಲ.

ಸಂಯೋಜನೆಯಲ್ಲಿ ಮೊದಲ ಮಾತು ಕಣ್ಣಿನ ಮಟ್ಟದ್ದು. ರಂಗನತಿಟ್ಟಿನ ದೋಣಿ ನೀರಿಗೆ ಸಮೀಪವಾಗಿರುವುದರಿಂದ ಬಂಡೆಯ ಮೇಲಿನ ಹಕ್ಕಿ ಎದುರಾಬದುರಾಗಿ ಸಿಗುತ್ತದೆ. ದೋಣಿಯಲ್ಲಿ ಟ್ರೈಪಾಡ್ ನಿಷ್ಪ್ರಯೋಜಕ. ಶಟರ್ ವೇಗ 1/1000ಕ್ಕಿಂತ ಇಳಿಯದಿರಲಿ. ಹಕ್ಕಿ ನೋಡುತ್ತಿರುವ ದಿಕ್ಕಿನಲ್ಲಿ ಜಾಗ ಬಿಡುವುದು ವಾಡಿಕೆ. ಅದಕ್ಕಿಂತ ಮುಖ್ಯವಾದದ್ದು ಹಿನ್ನೆಲೆ: ಒಂದೆರಡು ಅಡಿ ಸರಿದರೆ ತಲೆಯ ಹಿಂದಿನ ಕೊಂಬೆ ಮಾಯವಾಗುತ್ತದೆ. ಎಲ್ಲ ಚಿತ್ರವೂ ಮುಖದ ಸಮೀಪದೃಶ್ಯವೇ ಆಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಮರಗಳ ಮೇಲೆಯೇ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಅಲ್ಲಿ ಹೆಂಚಿನ ಮಾಡು, ದನದ ಕೊಟ್ಟಿಗೆಗಳನ್ನು ಚೌಕಟ್ಟಿನಿಂದ ಕತ್ತರಿಸಿದರೆ ಆ ಊರಿನ ವಿಶೇಷವೇ ಕಳೆದುಹೋಗುತ್ತದೆ.

ಗೂಡಿನ ಸಂಗತಿ ಬೇರೆ. ಗಾಬರಿಗೊಂಡ ತಾಯಿಹಕ್ಕಿ ಎದ್ದುಹೋದರೆ ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆ ಹದ್ದುಗಳಿಗೂ ತೆರೆದುಕೊಳ್ಳುತ್ತವೆ. ಕತ್ತು ನಿಮಿರಿಸಿ ಕೂಗುವುದು, ಗೂಡಿಗಿಳಿಯದೆ ಮತ್ತೆ ಮತ್ತೆ ಸುತ್ತುವುದು ಕಂಡರೆ ಕ್ಯಾಮೆರಾ ಇಳಿಸಿ ಹಿಂದೆ ಸರಿಯಬೇಕು. ಸ್ಪಷ್ಟ ನೋಟಕ್ಕಾಗಿ ಗೂಡಿನ ಮರೆಯ ಕಡ್ಡಿಗಳನ್ನು ಮುರಿಯುವವರೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ' ಎಂಬ ಪದಕ್ಕೆ ನೀಡಿರುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ.