ಮನೋರೋಗಿಯ ಆರೈಕೆಯಲ್ಲಿ ಧ್ಯಾನದ ಸ್ಥಾನ

ಕನ್ನಡ ನಾಡಿನ ಜೈನ ಶಾಸನಗಳನ್ನು ಓದಿದವರಿಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳು ಅಪರಿಚಿತವಲ್ಲ. ಬಸದಿಗೆ ಭೂಮಿಯನ್ನು ಬಿಟ್ಟ ಅರಸರೂ ಸೆಟ್ಟಿಗಳೂ ಈ ನಾಲ್ಕನ್ನೂ ಒಟ್ಟಿಗೇ ನೆನೆದರು. ಭೈಷಜ್ಯವೆಂದರೆ ಔಷಧ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದರು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ಬರೆದನು. ರೋಗವು ಕರ್ಮಫಲವೆಂದು ನಂಬಿದ ಇವರಾರೂ ಚಿಕಿತ್ಸೆ ಬೇಡವೆಂದು ಹೇಳಲಿಲ್ಲ. ಹೀಗಿರುವಾಗ ರೋಗವು ದೇಹಕ್ಕಲ್ಲದೆ ಚಿತ್ತಕ್ಕೆ ತಗುಲಿದಾಗ ಮಾತ್ರ ನಾವು ಔಷಧವನ್ನು ಬದಿಗಿಟ್ಟು ಉಪವಾಸ, ಜಪ, ಧ್ಯಾನಗಳನ್ನೇ ಆಶ್ರಯಿಸುವುದು ಉಚಿತವೇ? ಈ ಪ್ರಶ್ನೆಗೆ ನಮ್ಮ ಬೆಂಗಳೂರಿನ ಇತಿಹಾಸದಲ್ಲಿಯೇ ಉತ್ತರವಿದೆ.

ಚಿತ್ತದ ಕಾಯಿಲೆಗಳಲ್ಲಿ ಕಠಿಣವಾದುದು ಸ್ಕಿಜೋಫ್ರೀನಿಯಾ. ಸ್ವಿಟ್ಜರ್ಲೆಂಡಿನ ವೈದ್ಯ ಯೂಜೀನ್ ಬ್ಲಾಯ್ಲರ್ 1908ರಲ್ಲಿ ಈ ಹೆಸರನ್ನಿತ್ತರು. ಯಾರೂ ಮಾತನಾಡದಿದ್ದರೂ ಧ್ವನಿಗಳು ಕೇಳಿಸುವುದು, ಆಧಾರವಿಲ್ಲದ ಸಂಶಯಗಳು ಬೇರೂರುವುದು, ಮಾತಿನ ಎಳೆ ತಪ್ಪುವುದು, ಕೆಲಸದಲ್ಲಿಯೂ ಜನರಲ್ಲಿಯೂ ಆಸಕ್ತಿ ಕುಗ್ಗುವುದು ಇದರ ಲಕ್ಷಣಗಳು. ಬಹುತೇಕ ತಾರುಣ್ಯದಲ್ಲಿಯೇ ಆರಂಭವಾಗುವ ಈ ರೋಗವು ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ ಇದು ಯಾವ ಜಾತಿಯ, ಯಾವ ಮನೆತನದ ಕಳಂಕವೂ ಅಲ್ಲ.

ಬೆಂಗಳೂರಿನಲ್ಲಿ ಮನೋರೋಗಿಗಳ ಆಶ್ರಯಸ್ಥಾನವು 1847ರ ಸುಮಾರಿಗೆ ಆರಂಭವಾಯಿತು. ‘ಲುನಾಟಿಕ್ ಅಸೈಲಮ್’ ಎಂಬ ಅದರ ಹೆಸರು 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂದು ಬದಲಾಯಿತು. ಹೆಸರಿನ ಈ ಬದಲಾವಣೆ ಸಣ್ಣದಲ್ಲ. ಕೂಡಿಹಾಕಬೇಕಾದವನೆಂಬ ಭಾವನೆ ಹೋಗಿ ಗುಣಪಡಿಸಬೇಕಾದವನೆಂಬ ಭಾವನೆ ಬಂದಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಇಲ್ಲಿ ಸ್ಥಾಪಿತವಾಗಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ನಿರ್ದೇಶಕರಾದರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ, ನಾವೆಲ್ಲ ಬಲ್ಲ ನಿಮ್ಹಾನ್ಸ್ ರೂಪುಗೊಂಡಿತು. ಇದರ ನಡುವೆ 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ಈ ರೋಗಿಗಳ ಮೇಲೆ ಪ್ರಯೋಗಿಸಿ ಫಲ ಕಂಡಿದ್ದರು. ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಯೊಳಗೇ ಉಳಿಯುತ್ತಿದ್ದವರು ಮನೆಗೆ ಮರಳುವುದು ಇಂಥ ಔಷಧಗಳಿಂದ ಸಾಧ್ಯವಾಯಿತು.

ಆದರೆ ಮನೆಗೆ ಮರಳಿದವನು ಮುಂದೇನು ಮಾಡಬೇಕು? ಧ್ವನಿಗಳು ತಗ್ಗಿದರೂ ಸ್ನೇಹಿತರು ದೂರವಾಗಿರುತ್ತಾರೆ, ಉದ್ಯೋಗ ಹೋಗಿರುತ್ತದೆ, ಮನೆಯವರು ದಣಿದಿರುತ್ತಾರೆ. ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿ ರೋಗಿಗಳ ಕುಟುಂಬದವರಿಗೆ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ಅವರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಂಡು ದಾರಿ ತೋರಿಸಿದರು. ನಮ್ಮ ನಗರದ ದಂಡುಪ್ರದೇಶದಲ್ಲಿ 1964ರಲ್ಲಿ ಸ್ಥಾಪಿತವಾದ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ಸಂಸ್ಥೆಯು 1970ರ ದಶಕದಲ್ಲಿ, ಆಸ್ಪತ್ರೆಗೂ ಮನೆಗೂ ನಡುವಣ ತಂಗುದಾಣವಾದ ‘ಅರ್ಧದಾರಿ ಮನೆ’ಯನ್ನು ತೆರೆಯಿತು. ದೇಶದ ಮೊದಲ ಅರ್ಧದಾರಿ ಮನೆಗಳಲ್ಲಿ ಇದೊಂದು. 1990ರ ದಶಕದ ಆರಂಭದಲ್ಲಿ ರೋಗಿಗಳ ಕುಟುಂಬದವರೇ ಸೇರಿ ‘ಆಮೆಂಡ್’ ಎಂಬ ಸಂಘವನ್ನು ಬೆಂಗಳೂರಿನಲ್ಲಿ ಕಟ್ಟಿದರು. ಹಲಸೂರಿನಲ್ಲಿರುವ ನಮಗೆ ದಕ್ಷಿಣಕ್ಕೆ ಹೊಸೂರು ರಸ್ತೆಯಲ್ಲಿ ಆಸ್ಪತ್ರೆ, ಉತ್ತರಕ್ಕೆ ಪಾಟರಿ ರಸ್ತೆಯಲ್ಲಿ ಅರ್ಧದಾರಿ ಮನೆ. ಇಷ್ಟು ಸಮೀಪದಲ್ಲಿದ್ದೂ ಮಗನ ಕಾಯಿಲೆಯನ್ನು ಮಗಳ ಮದುವೆಯ ಚಿಂತೆಯಿಂದ ಮಹಡಿಯ ಕೋಣೆಯಲ್ಲಿ ಮುಚ್ಚಿಡುವ ಕುಟುಂಬಗಳು ನಮ್ಮ ಬಜಾರಿನ ಬೀದಿಗಳಲ್ಲಿ ಇಂದಿಗೂ ಇವೆ.

ಧಾರ್ಮಿಕ ಸ್ಥಳಗಳಿಗೆ ಕರೆದೊಯ್ದು ಬಿಟ್ಟುಬಿಡುವ ಪದ್ಧತಿಯ ಫಲವನ್ನು ದೇಶವು ಒಮ್ಮೆ ಕಂಡಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಬಳಿಯ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಇದು ಒಂದು ಮತದ ದೋಷವಲ್ಲ. ಭಕ್ತಿಯನ್ನು ಔಷಧದ ಸ್ಥಾನದಲ್ಲಿ ಕೂರಿಸಿದ ಎಲ್ಲರಿಗೂ ಇದೊಂದು ಎಚ್ಚರಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ.

ಇನ್ನು ಧ್ಯಾನದ ವಿಷಯ. 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಅವರು ಬೌದ್ಧ ಪರಂಪರೆಯ ಸ್ಮೃತಿ ಸಾಧನೆಯನ್ನು ಆಸ್ಪತ್ರೆಗೆ ತಂದರು. ಆಂಗ್ಲರು ‘ಮೈಂಡ್‌ಫುಲ್‌ನೆಸ್’ ಎನ್ನುವ ಇದನ್ನು ನಾವು ಸಾವಧಾನ ಧ್ಯಾನ ಎನ್ನಬಹುದು. ಅದೇ ವರ್ಷ ವಾಲ್ಶ್ ಮತ್ತು ರೋಶ್ ಎಂಬ ಇಬ್ಬರು ಅಮೆರಿಕದ ಮನೋವೈದ್ಯ ಪತ್ರಿಕೆಯಲ್ಲಿ ಒಂದು ಎಚ್ಚರಿಕೆಯನ್ನೂ ಪ್ರಕಟಿಸಿದರು. ಹಿಂದೆ ಸ್ಕಿಜೋಫ್ರೀನಿಯಾ ಇದ್ದವರು ಮಾತ್ರೆಗಳನ್ನು ನಿಲ್ಲಿಸಿ, ಉಪವಾಸವಿದ್ದು, ನಿದ್ರೆಗೆಟ್ಟು ತೀವ್ರ ಧ್ಯಾನದಲ್ಲಿ ತೊಡಗಿದಾಗ ರೋಗವು ಮರುಕಳಿಸಿತ್ತು. ಉಪವಾಸ, ಜಾಗರಣೆ, ಧ್ಯಾನ ಈ ಮೂರೂ ನಮ್ಮ ಪರ್ವದಿನಗಳಲ್ಲಿ ಒಟ್ಟಿಗೇ ಬರುತ್ತವೆ. ಜೈನ ಕುಟುಂಬಗಳು ಈ ಮಾತನ್ನು ಮನೆಯ ಗೋಡೆಯ ಮೇಲೆ ಬರೆದಿಡಬೇಕು.

ನಿಮ್ಹಾನ್ಸ್ ವೈದ್ಯರು ಈ ಎಚ್ಚರವನ್ನು ಇಟ್ಟುಕೊಂಡೇ ಮುಂದುವರಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 61 ಮಂದಿ ಸ್ಕಿಜೋಫ್ರೀನಿಯಾ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಅಂಗಸಾಧನೆ. ಎರಡರಲ್ಲಿಯೂ ಔಷಧವು ಎಂದಿನಂತೆ ನಡೆಯಿತು. ನಾಲ್ಕು ತಿಂಗಳ ನಂತರ ಯೋಗದ ಗುಂಪಿನವರಲ್ಲಿ ರೋಗಲಕ್ಷಣಗಳು ಹೆಚ್ಚು ತಗ್ಗಿದ್ದವು, ಕೆಲಸಕಾರ್ಯ ಮತ್ತು ಜನಸಂಪರ್ಕ ಸುಧಾರಿಸಿದ್ದವು. ಈ ಯೋಗಕ್ರಮದಲ್ಲಿ ಆಸನ, ಉಸಿರಾಟ, ವಿಶ್ರಾಂತಿಗಳಿದ್ದವೇ ಹೊರತು ದೀರ್ಘ ಧ್ಯಾನಕ್ಕೆ ಎಡೆಯಿರಲಿಲ್ಲ.

ಹಾಗಾದರೆ ಧ್ಯಾನವು ಈ ರೋಗಿಗಳಿಗೆ ಸರ್ವಥಾ ನಿಷಿದ್ಧವೇ? ಹಾಗೂ ಅಲ್ಲ. ಇಂಗ್ಲೆಂಡಿನ ಪಾಲ್ ಚಾಡ್ವಿಕ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಸಾವಧಾನ ಧ್ಯಾನವನ್ನು ಈ ರೋಗಿಗಳಿಗೆ ಹೊಂದಿಸಿದ ಬಗೆಯನ್ನು ವಿವರಿಸಿದರು. ಒಂದು ಸಣ್ಣ ಗುಂಪು ಕೂಡುತ್ತದೆ. ಧ್ಯಾನದ ಅವಧಿ ಸುಮಾರು ಹತ್ತೇ ನಿಮಿಷ. ಮಾರ್ಗದರ್ಶಕನು ಸುದೀರ್ಘ ಮೌನಕ್ಕೆ ಅವಕಾಶ ಕೊಡದೆ ಆಗಾಗ ಮಾತನಾಡುತ್ತ ಗಮನವನ್ನು ಉಸಿರಿಗೆ, ದೇಹಕ್ಕೆ ಮರಳಿಸುತ್ತಾನೆ. ಧ್ವನಿ ಕೇಳಿಸಿದರೆ ಅದರೊಡನೆ ಜಗಳವಾಡಬೇಕಿಲ್ಲ, ಅದು ಹೇಳಿದಂತೆ ನಡೆಯಬೇಕಿಲ್ಲ. ಬಂದು ಹೋಗುವ ಶಬ್ದವೆಂದು ತಿಳಿದು ಬಿಡುವುದೇ ಅಭ್ಯಾಸ. ಅನಂತರ ಎಲ್ಲರೂ ತಮಗಾದುದನ್ನು ಹೇಳಿಕೊಳ್ಳುತ್ತಾರೆ. ‘ಇದು ನನಗೊಬ್ಬನಿಗೇ ಬಂದ ಕಷ್ಟವಲ್ಲ’ ಎಂಬ ಅರಿವು ಅಲ್ಲಿ ಹುಟ್ಟುತ್ತದೆ. 2016ರಲ್ಲಿ ಇದೇ ತಂಡವು 108 ಮಂದಿಯ ಮೇಲೆ ಗುಂಪು ಚಿಕಿತ್ಸೆಯನ್ನು ಪರೀಕ್ಷಿಸಿದಾಗ ಮುಖ್ಯವಾಗಿ ಅಳೆಯಹೊರಟಿದ್ದ ಒಟ್ಟಾರೆ ಮಾನಸಿಕ ಕ್ಷೇಮದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಖಿನ್ನತೆ ತಗ್ಗಿತು, ಧ್ವನಿಗಳ ಬಾಧೆಯೂ ಕಡಿಮೆಯಾಯಿತು. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಲಾಭವಿದೆ, ಆದರೆ ಜಮಾಖರ್ಚಿನಲ್ಲಿ ಇರುವುದಕ್ಕಿಂತ ಹೆಚ್ಚು ಬರೆದುಕೊಳ್ಳಬಾರದು.

ಈ ವಿವೇಕವು ನಮಗೆ ಹೊಸದಲ್ಲ. ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯವು ಧ್ಯಾನದ ಲಕ್ಷಣವನ್ನು ಹೇಳುವಾಗಲೇ ಅದು ಉತ್ತಮ ದೇಹಬಲವುಳ್ಳವನಿಗೆ ಸಲ್ಲತಕ್ಕದ್ದೆಂದೂ ಅಂತರ್ಮುಹೂರ್ತದವರೆಗೆ ಮಾತ್ರ ನಿಲ್ಲತಕ್ಕದ್ದೆಂದೂ ಮಿತಿಯನ್ನು ಹಾಕಿದೆ. ಅಂದರೆ ಅಧಿಕಾರಿಯಾರು, ಅವಧಿಯೆಷ್ಟು ಎಂಬ ಪ್ರಶ್ನೆಗಳು ಧ್ಯಾನದ ಲಕ್ಷಣದಲ್ಲಿಯೇ ಅಡಗಿವೆ. ಚಿತ್ತವು ನೊಂದಿರುವಾಗ ಏಕಾಂತದಲ್ಲಿ ಗಂಟೆಗಟ್ಟಲೆ ಕುಳಿತವನು ಧರ್ಮಧ್ಯಾನಕ್ಕೆ ಏರುವ ಬದಲು ಆರ್ತಧ್ಯಾನಕ್ಕೆ ಇಳಿಯಬಹುದು. ಪ್ರತ್ಯಾಖ್ಯಾನದಲ್ಲಿಯೂ ಸಮಾಧಿಯನ್ನು ಕಾಪಾಡಲು ಆಗಾರ, ಎಂದರೆ ವಿನಾಯಿತಿ, ಇದೆಯಷ್ಟೆ.

ಆದುದರಿಂದ ಶ್ರಾವಕ ಕುಟುಂಬಗಳು ಮೂರು ಸಂಗತಿಗಳನ್ನು ಪಾಲಿಸಬೇಕು. ಒಂದು, ಪರ್ವವೆಂದು ಮಾತ್ರೆಯನ್ನು ನಿಲ್ಲಿಸಬಾರದು. ಎರಡು, ರಾತ್ರಿಭೋಜನತ್ಯಾಗವಿರುವ ಮನೆಯಲ್ಲಿ ರಾತ್ರಿಯ ಮಾತ್ರೆಯನ್ನು ತಾವೇ ಬಿಡದೆ, ಸೂರ್ಯಾಸ್ತಕ್ಕೆ ಮುಂಚೆ ಕೊಡಬಹುದೇ ಎಂದು ವೈದ್ಯರನ್ನೇ ಕೇಳಬೇಕು. ಮೂರು, ಉಪವಾಸ ಮತ್ತು ದೀರ್ಘ ಶಿಬಿರಗಳ ಮುನ್ನ ವೈದ್ಯರ ಅನುಮತಿ ಪಡೆಯಬೇಕು. ಶಿಬಿರ ನಡೆಸುವವರೂ ಈ ಕಾಯಿಲೆಯ ಬಗೆಗೆ ಮೊದಲೇ ವಿಚಾರಿಸಬೇಕು.

ಬಸದಿಗಳ ಮತ್ತು ಮಂದಿರಗಳ ಧರ್ಮದರ್ಶಿಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ಸಭಾಭವನಗಳು ವಾರದ ಹೆಚ್ಚಿನ ದಿನ ಬೀಗ ಹಾಕಿಕೊಂಡಿರುತ್ತವೆ. ತಿಂಗಳಿಗೆರಡು ಸಂಜೆ, ಒಬ್ಬ ತರಬೇತಾದ ಮನಶ್ಶಾಸ್ತ್ರಜ್ಞರ ಮಾರ್ಗದರ್ಶನದಲ್ಲಿ ರೋಗಿಗಳೂ ಅವರ ಮನೆಯವರೂ ಕೂಡಿ ಕುಳಿತುಕೊಳ್ಳಲು ಒಂದು ಕೋಣೆಯನ್ನು ಬಿಟ್ಟುಕೊಟ್ಟರೆ ಖರ್ಚು ಅಲ್ಪ. ದೂರವಾಣಿಯಲ್ಲಿ ಸಲಹೆ ಬೇಕಾದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಸೂಚನಾಫಲಕದಲ್ಲಿ ಬರೆದಿಡಬಹುದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೆಂದರೆ ಸಾಧರ್ಮಿಯ ಕುಂದನ್ನು ಬೀದಿಗೆ ತರದಿರುವುದು. ರೋಗಿಯನ್ನೇ ಕೋಣೆಯಲ್ಲಿ ಬಚ್ಚಿಡುವುದಲ್ಲ. ಅದರ ಬೆನ್ನಿಗೇ ಸ್ಥಿತೀಕರಣವೂ ವಾತ್ಸಲ್ಯವೂ ಇವೆ. ಜಾರಿದವನನ್ನು ಎತ್ತಿ ನಿಲ್ಲಿಸುವ ಕೈ ಸಮಾಜದ್ದಾಗಲಿ. ಮದ್ದು ಮೊದಲು ಇರಲಿ, ಧ್ಯಾನವು ಮಿತಿಯಲ್ಲಿರಲಿ.