ಕಡವಾಡದ ಪೇಟೆ, ಕಾರವಾರದ ಸಂತೆ

ಬೆಂಗಳೂರು, ಪುಣೆ ಮತ್ತು ಅದಕ್ಕೂ ದೂರದ ಊರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ರಜೆಗೆ ಬರುವ ಮೊದಲು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: "ಸರ್, ಈ ಸಲ ಮಕ್ಕಳನ್ನೂ ಕರೆದುಕೊಂಡು ಬರುತ್ತಿದ್ದೇವೆ. ಕಾರವಾರದಲ್ಲಿ ಕಡಲು ಬಿಟ್ಟರೆ ತೋರಿಸುವಂಥದ್ದು ಏನಿದೆ?" ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲರಿಗೂ ಸೇರಿ ಇಲ್ಲಿಯೇ ಬರೆಯುತ್ತಿದ್ದೇನೆ. ಇತಿಹಾಸ ಕಲಿಸಿದವನ ಉತ್ತರವಾದ್ದರಿಂದ ಕೊಂಚ ಉದ್ದವಾಗುವುದು ಅನಿವಾರ್ಯ. ತರಗತಿಯಲ್ಲಿ ಸಹಿಸಿಕೊಂಡವರು ಇಲ್ಲಿಯೂ ಸಹಿಸಿಕೊಳ್ಳುವಿರೆಂದು ನಂಬಿದ್ದೇನೆ.

ಮೊದಲು ಕಡಲಿಗೆ ಬೆನ್ನು ಹಾಕಿ ಕಾಳಿ ನದಿಯ ದಂಡೆಗುಂಟ ಪೂರ್ವಕ್ಕೆ ಮೂರು ಮೈಲಿ ಹೋಗಿರಿ. ಅಲ್ಲಿ ಕಡವಾಡ ಎಂಬ ಊರಿದೆ. ಗದ್ದೆ, ತೆಂಗು, ಹೊಳೆ, ದೇವಸ್ಥಾನ. ಮೇಲ್ನೋಟಕ್ಕೆ ನಮ್ಮ ಕರಾವಳಿಯ ಇತರ ಹಳ್ಳಿಗಳಂತೆಯೇ ಕಾಣುತ್ತದೆ. ಆದರೆ ಕಾರವಾರ ಎಂಬ ಹೆಸರು ಹುಟ್ಟಿದ್ದು ಈ ಕಡವಾಡದಿಂದಲೇ ಎಂಬುದು ಬಹುಕಾಲದಿಂದ ಬಂದ ವಿವರಣೆ. ಹಳೆಯ ಕಾರವಾರ, ಅಂದರೆ ಹಡಗುಗಳಿಗೆ ಸರಕು ಒದಗಿಸುತ್ತಿದ್ದ ಪೇಟೆ, ಇದ್ದದ್ದು ಈ ಹೊಳೆಯ ದಂಡೆಯಲ್ಲಿ. ಇಂದಿನ ಕಾರವಾರ ಪಟ್ಟಣಕ್ಕೆ ಸುಮಾರು ನೂರಾ ಅರವತ್ತು ವರ್ಷಗಳ ವಯಸ್ಸು ಮಾತ್ರ.

ಇಂಗ್ಲಿಷರು ಇಲ್ಲಿಗೆ ಬಂದದ್ದು 1638ರಲ್ಲಿ. ಬಂದವರು ನಾವು ಪಠ್ಯಪುಸ್ತಕದಲ್ಲಿ ಓದುವ ಈಸ್ಟ್ ಇಂಡಿಯಾ ಕಂಪನಿಯವರಲ್ಲ, ಅದಕ್ಕೆ ಪ್ರತಿಸ್ಪರ್ಧಿಯಾಗಿದ್ದ ಕೋರ್ಟೀನ್ ಸಂಘದವರು. ಅವರನ್ನು ಸೆಳೆದದ್ದು ಸೋಂದೆ ಸೀಮೆಯ ಕಾಳುಮೆಣಸು. ಮೆಣಸಿನ ಹಿಂದೆ ಏಲಕ್ಕಿ ಬಂತು, ಅದರ ಹಿಂದೆ ಬಟ್ಟೆ ಬಂತು. 1660ರ ಸುಮಾರಿಗೆ ಪಶ್ಚಿಮ ಭಾರತದ ಅತ್ಯಂತ ನವುರಾದ ಮಸ್ಲಿನ್ ಬಟ್ಟೆ ಕಾರವಾರದಿಂದ ಹಡಗು ಹತ್ತುತ್ತಿತ್ತೆಂದೂ, ಅದನ್ನು ನೇಯಲು ಹುಬ್ಬಳ್ಳಿ ಮತ್ತು ಸುತ್ತಣ ಊರುಗಳಲ್ಲಿ 50,000 ನೇಕಾರರು ದುಡಿಯುತ್ತಿದ್ದರೆಂದೂ ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ನಂಬಿದರೂ ಸೋಜಿಗವೇ. ಮೆಣಸು ಮಲೆನಾಡಿನದು, ಬಟ್ಟೆ ಬಯಲುಸೀಮೆಯದು, ಕೊಳ್ಳುವವನು ಸಮುದ್ರದಾಚೆಯವನು. ಮೂವರನ್ನೂ ಕೂಡಿಸಿದ್ದು ಘಟ್ಟ ಇಳಿದು ಬರುತ್ತಿದ್ದ ಎತ್ತಿನ ಹೇರುಗಳ ದಾರಿ. ಆ ದಾರಿ ತೆರೆದಿದ್ದಾಗ ಕಾರವಾರ ಬೆಳೆಯಿತು, ಮುಚ್ಚಿದಾಗ ಸೊರಗಿತು. ಈ ಊರಿನ ನಾಲ್ಕು ಶತಮಾನಗಳ ಕಥೆಗೆ ಇದೊಂದು ಸೂತ್ರ ಸಾಕೆಂದು ನನಗೆ ಅನ್ನಿಸುತ್ತದೆ.

ಪೇಟೆ ಇದ್ದಲ್ಲಿ ಹಣ, ಹಣವಿದ್ದಲ್ಲಿ ದಂಡು. 1665ರ ಫೆಬ್ರವರಿಯಲ್ಲಿ ಶಿವಾಜಿ ಬಸರೂರನ್ನು ಸೂರೆಮಾಡಿ, ಗೋಕರ್ಣದಲ್ಲಿ ಸ್ನಾನ ಮುಗಿಸಿ, ಅಂಕೋಲೆಯ ಮಾರ್ಗವಾಗಿ ಕಾರವಾರಕ್ಕೆ ಬಂದನು. ಊರಿನವರೆಲ್ಲ ಕೂಡಿ ಕಾಣಿಕೆ ಒಪ್ಪಿಸಿದರು. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡು. 1674ರಲ್ಲಿ ಮತ್ತೆ ಬಂದಾಗ ಊರನ್ನೇ ಸುಡಲಾಯಿತು, ಇಂಗ್ಲಿಷರನ್ನು ಮಾತ್ರ ಸೌಜನ್ಯದಿಂದ ಕಾಣಲಾಯಿತು. ಸುಟ್ಟುಹೋದ ಅಂಗಡಿಗಳ ಒಡೆಯರು ಯಾರು, ಅವರು ಎಲ್ಲಿಗೆ ಹೋದರು ಎಂಬುದನ್ನು ಕೋಠಿಯ ಕಾಗದಪತ್ರಗಳು ಬರೆದಿಡಲಿಲ್ಲ. 1679ರಲ್ಲಿ ಕೋಠಿ ಮುಚ್ಚಿತು, 1682ರಲ್ಲಿ ಇನ್ನೂ ದೊಡ್ಡದಾಗಿ ತೆರೆಯಿತು. 1684ರಲ್ಲಿ ಒಂದು ಸಣ್ಣ ಹಡಗಿನ ನಾವಿಕರು ಹಸುವನ್ನು ಕದ್ದು ಕೊಂದದ್ದಕ್ಕೆ ಜನ ರೊಚ್ಚಿಗೆದ್ದು, ಇಂಗ್ಲಿಷರು ಗಂಟುಮೂಟೆ ಕಟ್ಟುವ ಸ್ಥಿತಿ ಬಂದಿತ್ತು.

ಮಕ್ಕಳಿಗೆ ಕಡಲ್ಗಳ್ಳರ ಕಥೆ ಬೇಕೆಂದರೆ ಅದೂ ಇದೆ. ಕ್ಯಾಪ್ಟನ್ ಕಿಡ್ ಎಂಬ ಪ್ರಸಿದ್ಧನು ತನ್ನ 'ಅಡ್ವೆಂಚರ್ ಗ್ಯಾಲಿ' ಹಡಗಿನೊಡನೆ 1697ರ ಸೆಪ್ಟೆಂಬರಿನಲ್ಲಿ ಕಾರವಾರಕ್ಕೆ ಬಂದಿದ್ದನು. ಅವನ ಸಂಗ ಸಾಕೆಂದು ಕೆಲವು ನಾವಿಕರು ಇಲ್ಲಿಯೇ ಅವನನ್ನು ಬಿಟ್ಟುಹೋದರು. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಇನ್ನೊಂದು ಪ್ರಸಂಗ. 1709ರಲ್ಲಿ ಬಂಗಾಳಕ್ಕೆ ಹೊರಟ ಹಡಗೊಂದು ಕಾರವಾರದಲ್ಲಿ ತಂಗಿತು. ಅದರಲ್ಲಿ ಕ್ಯಾಥರೀನ್ ಕುಕ್ ಎಂಬ ಹದಿಮೂರು ಹದಿನಾಲ್ಕರ ಬಾಲಕಿ ತಂದೆತಾಯಿಯೊಡನೆ ಇದ್ದಳು. ಕೋಠಿಯ ಮುಖ್ಯಸ್ಥ ಜಾನ್ ಹಾರ್ವೆ, ವಯಸ್ಸಾದವನು, ಅಂಗವಿಕಲನು, ಆದರೆ ಹಣವಂತನು, ಅವಳನ್ನು ಮದುವೆಗೆ ಕೇಳಿದನು. ತಂದೆತಾಯಿ ಒಪ್ಪಿದರು, ಮಗಳನ್ನು ಕಾರವಾರದಲ್ಲಿ ಬಿಟ್ಟು ತಮ್ಮ ಪಯಣ ಮುಂದುವರಿಸಿದರು. 1712ರಲ್ಲಿ ಹಾರ್ವೆ ತೀರಿಕೊಂಡನು. ಅವಳು ಥಾಮಸ್ ಚೌನ್ ಎಂಬ ತರುಣನನ್ನು ಮದುವೆಯಾಗಿ, ಅದೇ ವರ್ಷದ ನವೆಂಬರಿನಲ್ಲಿ ಕಾರವಾರದಿಂದ ಮುಂಬಯಿಗೆ ಹೊರಟಾಗ ಕಾನ್ಹೋಜಿ ಆಂಗ್ರೆಯ ನೌಕೆಗಳು ದಾಳಿ ಮಾಡಿದವು. ಗಂಡ ಸತ್ತನು, ಇವಳು ಸೆರೆಯಾದಳು. ಮುಂದಿನ ವರ್ಷ ಹಣ ತೆತ್ತು ಬಿಡಿಸಿಕೊಂಡರು. ಬಾಲ್ಯವಿವಾಹವೆಂಬುದು ನಮ್ಮವರದು ಮಾತ್ರ ಎಂದು ಬರೆದ ಆಂಗ್ಲ ಮಹನೀಯರು ತಮ್ಮದೇ ಕೋಠಿಯ ಈ ಪುಟವನ್ನು ಓದಿರಲಾರರು.

1715ರಲ್ಲಿ ಸೋಂದೆಯ ಅರಸನು ಹಳೆಯ ಕೋಟೆಯನ್ನು ಕೆಡವಿ ಕಾಳಿಯ ಉತ್ತರ ದಂಡೆಯ ಗುಡ್ಡದ ಮೇಲೆ ಸದಾಶಿವಗಡವನ್ನು ಕಟ್ಟಿಸಿದನು. ಅಳಿವೆಯ ಮೇಲೆ ಅವನ ಕಣ್ಣು ಬಿದ್ದ ಮೇಲೆ ಇಂಗ್ಲಿಷರ ವ್ಯಾಪಾರ ಸುಗಮವಾಗಿ ನಡೆಯಲಿಲ್ಲ. 1720ರಲ್ಲಿ ಕೋಠಿ ಎದ್ದಿತು. 1750ರಲ್ಲಿ ತಿರುಗಿ ಬಂದರು, 1752ರಲ್ಲಿ ಪೋರ್ಚುಗೀಸರು ಸದಾಶಿವಗಡವನ್ನು ಹಿಡಿದಾಗ ಮತ್ತೆ ಹೋದರು. ಅನಂತರ ಹೈದರ್, ಟಿಪ್ಪು, ಕೊನೆಗೆ 1799. ಕಡವಾಡದ ಪೇಟೆಯಂತೂ ಅಷ್ಟರೊಳಗೆ ಹೊಳೆಯ ಹೂಳಿನಂತೆ ಕೆಳಗೆ ಕೂತಿತ್ತು. ಆ ದಂಡೆಯಲ್ಲಿ ನಾನು ಎಷ್ಟೋ ಬಾರಿ ಓಡಾಡಿದ್ದೇನೆ. ಇಲ್ಲಿಂದ ಹೊರಟ ಬಟ್ಟೆಯನ್ನು ನೆನಪಿಸುವ ಒಂದು ಕಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಒಂದು ಫಲಕಕ್ಕೆ ಎಷ್ಟು ಖರ್ಚಾದೀತು? ನಿಮ್ಮಲ್ಲಿ ಕೆಲವರು ಈಗ ಅಧಿಕಾರದ ಸ್ಥಾನಗಳಲ್ಲಿದ್ದೀರಿ, ಆದ್ದರಿಂದ ಕೇಳುತ್ತಿದ್ದೇನೆ.

ಹೊಸ ಕಾರವಾರ ಹುಟ್ಟಿದ್ದು 1862ರಲ್ಲಿ, ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ. ಅದರ ಹಿಂದೆಯೂ ವ್ಯಾಪಾರವೇ ಇತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದಾಗ ಮ್ಯಾಂಚೆಸ್ಟರಿನ ಗಿರಣಿಗಳವರು ಧಾರವಾಡದ ಹತ್ತಿಯನ್ನು ಈ ಬಂದರಿಗೆ ಇಳಿಸಬೇಕೆಂದು ಹೊರಟರು. ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ತಂದರು. ಬಂದು ನೋಡಿದರೆ ಇಳಿಸಲು ಧಕ್ಕೆ ಇಲ್ಲ, ಘಟ್ಟ ಹತ್ತಲು ರಸ್ತೆ ಇಲ್ಲ! ರಸ್ತೆ ಮುಂದೆ ಆಯಿತು. ಆದರೆ ಊರು ಆಸೆಪಟ್ಟದ್ದು ರೈಲಿಗೆ. ಆ ರೈಲು 1888ರಲ್ಲಿ ನಮ್ಮ ಜಿಲ್ಲೆಯ ಕ್ಯಾಸಲ್‌ರಾಕಿನ ಮೂಲಕವೇ ಗೋವೆಯ ಮರ್ಮಗೋವೆಗೆ ಇಳಿಯಿತು. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ಇನ್ನೂ ಘಟ್ಟ ಇಳಿದಿಲ್ಲ. ಆ ಕಾಡು ಉಳಿಯಬೇಕೆಂಬುದು ನನ್ನ ಅಭಿಪ್ರಾಯ. ನನ್ನ ಮನೆಯಲ್ಲಿಯೇ ಇದಕ್ಕೆ ಬಹುಮತವಿಲ್ಲ.

1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿಬಂದುದನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಕಡಲತೀರಕ್ಕೆ ಅವರ ಹೆಸರಿದೆ, ಅದರ ಮೇಲೆ 2006ರಿಂದ 'ಚಪಲ್' ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಮಕ್ಕಳಿಗೆ ಅದು ಇಷ್ಟವಾಗುತ್ತದೆ, ತೋರಿಸಿರಿ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕಾಮಗಾರಿಯನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದದ್ದು ಇದೇ ತೀರಕ್ಕಾಗಿ ಎಂಬುದನ್ನೂ ಹೇಳಿರಿ. ನೌಕಾನೆಲೆಗಾಗಿ ದಕ್ಷಿಣದ ತೀರಗಳನ್ನು ಮೊದಲೇ ಬಿಟ್ಟುಕೊಟ್ಟವರಿಗೆ ಉಳಿದ ಈ ಮರಳು ಎಷ್ಟು ಮುಖ್ಯವೆಂಬುದು ಪ್ರವಾಸಿಗೆ ಸುಲಭವಾಗಿ ತಿಳಿಯದು.

ಕಾಳಿಯ ಸೇತುವೆಗಳ ಬಳಿಯೂ ನಿಲ್ಲಿರಿ. ಸೇತುವೆ ಆಗುವ ಮೊದಲು ನಾವು ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯಲ್ಲಿ ದಾಟುತ್ತಿದ್ದೆವು. ಮೀನಿನ ಬುಟ್ಟಿ, ತರಕಾರಿ, ಸೈಕಲ್ಲು, ಮಾಸ್ತರರು ಎಲ್ಲರೂ ಒಂದೇ ದೋಣಿಯಲ್ಲಿ. ನಾಲ್ಕು ದಶಕ ನಿಂತಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಲಾರಿಯೊಂದು ಹೊಳೆಗೆ ಬಿದ್ದಿತು, ಚಾಲಕನನ್ನು ಜೀವಸಹಿತ ಮೇಲೆತ್ತಿದರು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಬದಿಯ ಚಹಾ ಅಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿಗೆ ನೂಕಿತ್ತು. ದಾರಿಯನ್ನು ನಂಬಿ ಬದುಕುವ ಸೀಮೆಯಲ್ಲಿ ದಾರಿಯೇ ಜನರನ್ನು ನುಂಗಿದ ಆ ಮಳೆಗಾಲವನ್ನು ಮರೆಯಲಾರೆ.

ಇನ್ನು ಸಂತೆ. ಬರುವುದಾದರೆ ರವಿವಾರ ಬನ್ನಿ. ಅಂದು ಕಾರವಾರದ ಬೀದಿಗಳಲ್ಲಿ ಘಟ್ಟದ ಮೇಲಿನ ಹುಬ್ಬಳ್ಳಿ, ಹಾವೇರಿ ಕಡೆಯ ತರಕಾರಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಬಂದು ಕೂರುತ್ತವೆ. ಈ ಕಡೆಯಿಂದ ಬಂಗಡೆ, ತಾರ್ಲೆ, ಒಣಮೀನು, ತೆಂಗಿನಕಾಯಿ. ಮಸ್ಲಿನ್ ಹೋಯಿತು, ಕೋಠಿ ಹೋಯಿತು, ಘಟ್ಟದವರೂ ಕರಾವಳಿಯವರೂ ಚೌಕಾಸಿ ಮಾಡುವುದು ಮಾತ್ರ ನಡೆದೇ ಇದೆ. ಮಾರುವವರಲ್ಲಿ ಹೆಂಗಸರೇ ಹೆಚ್ಚು. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗರ ಅಜ್ಜಿಯರು ಹರಿವೆ, ಬಸಳೆ ಹಿಡಿದು ಕೂತಿರುತ್ತಾರೆ. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಸ್ವೀಕರಿಸಿ, 2024ರ ಡಿಸೆಂಬರಿನಲ್ಲಿ ನಮ್ಮನ್ನಗಲಿದ ತುಳಸಿ ಗೌಡರು ಈ ಸಮುದಾಯದವರೇ, ಅಂಕೋಲಾ ತಾಲೂಕಿನವರೇ. ದಯವಿಟ್ಟು ಕೇಳದೆ ಫೋಟೋ ತೆಗೆಯಬೇಡಿ. ಮೊದಲು ಒಂದು ಕಟ್ಟು ಸೊಪ್ಪು ಕೊಳ್ಳಿರಿ.

ಮೇ ತಿಂಗಳಾದರೆ ಅಂಕೋಲೆಗೂ ಹೋಗಿರಿ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪು ತಯಾರಿಸಿ ಕಾನೂನು ಮುರಿದು ಬಹಿರಂಗವಾಗಿ ಮಾರಿದ ಊರು ಅದು. ಉಪ್ಪಿನಂಥ ಸರಕಿನಿಂದಲೇ ಸರಕಾರವನ್ನು ಎದುರಿಸಬಹುದೆಂದು ಸಂತೆಯ ಜನಕ್ಕೆ ಬೇಗ ಅರ್ಥವಾಗಿತ್ತು. ಬೇಲೇಕೇರಿಯ ಅದಿರಿನ ಕಥೆ ನಿಮಗೆ ಪತ್ರಿಕೆಗಳಿಂದಲೇ ಗೊತ್ತು, ಅದನ್ನು ಬಿಡುತ್ತೇನೆ. ಮಾರುಕಟ್ಟೆಯಲ್ಲಿ 'ಕರಿ ಇಶಾಡು' ಮಾವಿನಹಣ್ಣನ್ನು ಕೇಳಿರಿ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಸಿಪ್ಪೆ ತೆಳು, ರಸ ಹೆಚ್ಚು, ಹೆಚ್ಚು ದಿನ ಬಾಳುವುದಿಲ್ಲ. ಬೆಂಗಳೂರಿಗೆ ಒಯ್ಯುವ ಆಸೆ ಇಟ್ಟುಕೊಳ್ಳದೆ ಅಲ್ಲಿಯೇ ತಿನ್ನಿರಿ. ಬಿಳಿ ಇಶಾಡನ್ನು ಕರಿ ಎಂದು ಕೊಡುವವರೂ ಇದ್ದಾರೆ. ಒಂದನ್ನು ಕೊಯ್ಯಿಸಿ ರುಚಿ ನೋಡಿಯೇ ಡಜನ್ನಿನ ಮಾತಾಡಿರಿ.