ಗಣಿಯ ಆಳದಲ್ಲಿ ಆಕಾಶ ನೋಡಿದ ವಿದ್ಯಾರ್ಥಿಗಳು

– ಹಳೆಯ ವಿದ್ಯಾರ್ಥಿ, 2004ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಬಹಳ ಮಂದಿ ಇದ್ದಾರೆ. ಆದ್ದರಿಂದ ನಾನು ಬೇರೊಂದು ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಇದು ಕೂಡ ವಿದ್ಯಾರ್ಥಿಗಳ ಚರಿತ್ರೆಯೇ. ಇದರ ಮೊದಲ ಅಧ್ಯಾಯ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಎಂಬುದು ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ನಾವು ಓದುವಾಗ 'ಪ್ರಾಜೆಕ್ಟ್' ಎಂದರೆ ಥರ್ಮಾಕೋಲಿನ ಸೌರವ್ಯೂಹ, ಬಣ್ಣ ಹಚ್ಚಿದ ಚಾರ್ಟು. ಈಗ ಜೆರಾಕ್ಸ್ ಅಂಗಡಿಗೆ ಹೋಗಿ ವಿಷಯದ ಹೆಸರು ಹೇಳಿದರೆ ಮುಖಪುಟದ ಸಮೇತ ಪ್ರಿಂಟು ಕೈಗೆ ಬರುತ್ತದೆ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ನಿಜವಾದ ಪ್ರಾಜೆಕ್ಟ್ ಎಂದರೆ ಹೇಗಿರುತ್ತದೆ ಎಂದು ಅವರಿಗೆ ತೋರಿಸಿದವರು ಕಡಿಮೆ. ಖಭೌತ ವಿಜ್ಞಾನ, ಕಣ ಭೌತವಿಜ್ಞಾನಗಳಂಥ ದೊಡ್ಡ ಹೆಸರಿನ ಶಾಸ್ತ್ರಗಳಲ್ಲಿಯೂ ಕೆಲವು ಮುಖ್ಯ ಕೆಲಸಗಳು ಆರಂಭವಾದದ್ದು ವಿದ್ಯಾರ್ಥಿಗಳ ಕೈಯಲ್ಲಿ. ಅಂಥ ಮೂವರ ಕೆಲಸವನ್ನು ಇಲ್ಲಿ ಹೇಳುತ್ತೇನೆ.

ಚಿನ್ನದ ಗಣಿಗೆ ಇಳಿದ ವಿದ್ಯಾರ್ಥಿ

ಬಿ.ವಿ. ಶ್ರೀಕಂಠನ್ ಅವರು ಹುಟ್ಟಿದ್ದು 1925ರಲ್ಲಿ, ನಂಜನಗೂಡಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದಿ 1948ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಈ ಸಂಸ್ಥೆ 1945ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷದ ಕೊನೆಗೆ ಬೊಂಬಾಯಿಗೆ ಹೋಯಿತು. ಸ್ಥಾಪಕರಾದ ಹೋಮಿ ಭಾಭಾ ಅವರೇ ಶ್ರೀಕಂಠನ್ ಅವರ ಮಾರ್ಗದರ್ಶಕರು. 1950ರ ದಶಕದ ಆರಂಭದಲ್ಲಿ ಅವರು ಈ ವಿದ್ಯಾರ್ಥಿಗೆ ಕೊಟ್ಟ ಕೆಲಸ ಇದು: ಕೋಲಾರದ ಚಿನ್ನದ ಗಣಿಗೆ ಹೋಗಿ, ಬೇರೆ ಬೇರೆ ಆಳದಲ್ಲಿ ಎಷ್ಟು ಮ್ಯೂಆನ್‌ಗಳು ಬರುತ್ತವೆ ಎಂದು ಎಣಿಸುವುದು.

ಮ್ಯೂಆನ್ ಎಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು. ಅಂತರಿಕ್ಷದಿಂದ ವಿಶ್ವಕಿರಣಗಳು ಸದಾ ಭೂಮಿಯ ಮೇಲೆ ಬೀಳುತ್ತಿರುತ್ತವೆ. ಅವು ಮೇಲಿನ ವಾತಾವರಣಕ್ಕೆ ಬಡಿದಾಗ ಹೊಸ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ನೆಲದವರೆಗೂ ಬರುವ ಒಂದು ಕಣ ಮ್ಯೂಆನ್. ನೀವು ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಸುಮಾರು ಒಂದು ಮ್ಯೂಆನ್ ಅದರ ಮೂಲಕ ಹಾದುಹೋಗುತ್ತದೆ. ನಮಗೆ ಏನೂ ತಿಳಿಯುವುದಿಲ್ಲ. ನೆಲದೊಳಗೆ ಇಳಿದಂತೆ ಬಂಡೆ ಇವನ್ನು ತಡೆಯುತ್ತದೆ. ಹೆಚ್ಚು ಶಕ್ತಿ ಇರುವವು ಮಾತ್ರ ಹೆಚ್ಚು ಆಳಕ್ಕೆ ಬರುತ್ತವೆ. ರಾಗಿಯನ್ನು ಜರಡಿ ಹಿಡಿದ ಹಾಗೆ ಬಂಡೆಯೇ ಕಣಗಳನ್ನು ಜರಡಿ ಹಿಡಿಯುತ್ತದೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ನಮ್ಮ ಗಣಿ ಆಗ ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದು. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಜರಡಿ ಸಿಗುವುದು ಕಷ್ಟವಿತ್ತು.

ಇಂದಿನಂತೆ ಉಪಕರಣಗಳನ್ನು ತರಿಸಿಕೊಳ್ಳುವ ಕಾಲ ಅದಲ್ಲ. ಕಣ ಎಣಿಸುವ ಗೈಗರ್ ಕೌಂಟರ್‌ಗಳನ್ನೂ ಅವಕ್ಕೆ ಬೇಕಾದ ವಾಲ್ವ್ ಸರ್ಕ್ಯೂಟುಗಳನ್ನೂ ಸಂಸ್ಥೆಯಲ್ಲಿ ತಾವೇ ಕಟ್ಟಿಕೊಳ್ಳಬೇಕಿತ್ತು. ಸೆಕೆ, ಧೂಳು, ಬಂಡೆ ಸಿಡಿಯುವ ಭಯ ಇರುವ ಜಾಗಕ್ಕೆ ಅವನ್ನು ಗಣಿ ಕಾರ್ಮಿಕರ ಜೊತೆ ಇಳಿಸಬೇಕಿತ್ತು. ಆಮೇಲೆ ಉಳಿಯುವುದು ಎಣಿಕೆ, ದಾಖಲೆ, ಮತ್ತೆ ಎಣಿಕೆ. ಈ ಕೆಲಸಕ್ಕೆ 1954ರಲ್ಲಿ ಅವರಿಗೆ ಪಿಎಚ್.ಡಿ. ಬಂತು.

ಅದರಿಂದ ಮುಂದೆ ಏನಾಯಿತು ಎಂಬುದೇ ಮುಖ್ಯ. ಇದೇ ದಾರಿಯಲ್ಲಿ 1960ರ ದಶಕದ ಆರಂಭದಲ್ಲಿ ಇನ್ನೂ ಆಳದಲ್ಲಿ ಅಳತೆಗಳು ನಡೆದವು. ಅತ್ಯಂತ ಆಳದ ಜಾಗದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ಬೇರೆಯವರಾಗಿದ್ದರೆ ಸೋತೆವು ಎಂದು ಕೈಚೆಲ್ಲುತ್ತಿದ್ದರೇನೋ. ಇವರು ಇದನ್ನು ಬೇರೆ ರೀತಿಯಲ್ಲಿ ಓದಿದರು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೋವನ್ನು ಹುಡುಕಬಹುದಲ್ಲವೇ? ನ್ಯೂಟ್ರಿನೋ ಇಡೀ ಭೂಮಿಯನ್ನೇ ತೂರಿಹೋಗುವ ಕಣ. ಬಹಳ ಅಪರೂಪಕ್ಕೆ ಅದು ಬಂಡೆಯ ಒಂದು ಪರಮಾಣುವಿಗೆ ತಾಗಿ ಮ್ಯೂಆನ್ ಹುಟ್ಟಿಸುತ್ತದೆ. ಮೇಲಿನಿಂದ ಬಂಡೆ ದಾಟಿ ಬರುವ ಮ್ಯೂಆನ್ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತದೆ. ಅಡ್ಡಡ್ಡಲಾಗಿ ಒಂದು ಮ್ಯೂಆನ್ ಬಂದರೆ ಅದು ನ್ಯೂಟ್ರಿನೋದಿಂದ ಹುಟ್ಟಿದ್ದೇ ಆಗಿರಬೇಕು. ಆದ್ದರಿಂದ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿದರು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯದವರು ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮಾಡಿದ ಈ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 1965ರ ಆಗಸ್ಟ್ 15ರಂದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳು ಸಿಕ್ಕಿದ್ದವು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇನ್ನೊಂದು ತಂಡಕ್ಕೂ ಅದೇ ವರ್ಷ ಇವು ಸಿಕ್ಕವು. ಆದರೆ ಮೊದಲು ಅಚ್ಚಾದದ್ದು ಕೋಲಾರದ ಫಲಿತಾಂಶ. ಅದರ ಲೇಖಕರಲ್ಲಿ ಶ್ರೀಕಂಠನ್ ಒಬ್ಬರು. ಮುಂದೆ ಅವರು 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾದರು.

ನಮ್ಮ ಜಿಲ್ಲೆಯವರಿಗೆ ಕೆ.ಜಿ.ಎಫ್. ಎಂದರೆ ಚಿನ್ನ, ಸೈನೈಡ್ ದಿಬ್ಬ, ಈಚೆಗೆ ಸಿನಿಮಾ. 2001ರಲ್ಲಿ ಗಣಿ ಮುಚ್ಚಿತು. ಅದಕ್ಕೂ ಮೊದಲೇ ಆಳದ ಪ್ರಯೋಗಗಳು ನಿಂತಿದ್ದವು. ಆದರೆ ಜಗತ್ತಿನ ಭೌತವಿಜ್ಞಾನದ ಪುಸ್ತಕಗಳಲ್ಲಿ 'ಕೋಲಾರ' ಎಂಬ ಹೆಸರು ಈಗಲೂ ಇದೆ.

ಕಾಲು ಇಂಚಿನ ಗೀಚು

ಕೋಲಾರದ ಫಲಿತಾಂಶ ಬಂದ ಎರಡು ವರ್ಷಕ್ಕೆ, 1967ರಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಇನ್ನೊಬ್ಬ ವಿದ್ಯಾರ್ಥಿನಿ ಇದೇ ತಾಳ್ಮೆಯಿಂದ ಆಕಾಶದ ಲೆಕ್ಕ ಬರೆಯುತ್ತಿದ್ದಳು. ಹೆಸರು ಜೋಸೆಲಿನ್ ಬೆಲ್, ಊರು ಉತ್ತರ ಐರ್ಲೆಂಡ್. ಹನ್ನೊಂದನೇ ವಯಸ್ಸಿನಲ್ಲಿ ಬರೆಯಬೇಕಾದ ಆಯ್ಕೆ ಪರೀಕ್ಷೆಯಲ್ಲಿ ಆಕೆ ಫೇಲಾಗಿದ್ದಳು. ಅವಳ ಶಾಲೆಯಲ್ಲಿ ಹುಡುಗರನ್ನು ವಿಜ್ಞಾನಕ್ಕೂ ಹುಡುಗಿಯರನ್ನು ಅಡುಗೆ, ಹೊಲಿಗೆ ಪಾಠಕ್ಕೂ ಕಳಿಸುತ್ತಿದ್ದರು. ತಂದೆತಾಯಿ ಹೋಗಿ ಜಗಳವಾಡಿದ ಮೇಲೆ ವಿಜ್ಞಾನದ ತರಗತಿಗೆ ಸೇರಿಸಿಕೊಂಡರು.

ಅವಳ ಪಿಎಚ್.ಡಿ. ಕೆಲಸ ಆರಂಭವಾದದ್ದು ಸುತ್ತಿಗೆಯಿಂದ. ನಾಲ್ಕೂವರೆ ಎಕರೆ ಬಯಲಿನಲ್ಲಿ ಸುಮಾರು ಸಾವಿರ ಕಂಬ ನೆಟ್ಟು, ತಂತಿ ಎಳೆದು, ಒಂದು ರೇಡಿಯೋ ದೂರದರ್ಶಕವನ್ನು ಜೊತೆಯವರೊಂದಿಗೆ ಕಟ್ಟಿದಳು. ಅದರ ಮುಳ್ಳು ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅಷ್ಟನ್ನೂ ಕಣ್ಣಿನಿಂದಲೇ ಓದಬೇಕಿತ್ತು. ಆಗಸ್ಟ್ ತಿಂಗಳಲ್ಲಿ ಅವಳಿಗೆ ನೂರಾರು ಅಡಿ ಕಾಗದದ ನಡುವೆ ಕಾಲು ಇಂಚಿನಷ್ಟು ಒಂದು ಗೀಚು ಕಂಡಿತು. ಅದು ವಾಹನದ ಅಡಚಣೆಯಂತೆ ಕಾಣಲಿಲ್ಲ. ಹಿಂದೆಯೂ ಇಂಥದ್ದು ಕಂಡಿತ್ತಲ್ಲ ಎಂದು ಹಳೆಯ ಸುರುಳಿಗಳನ್ನು ಬಿಚ್ಚಿದಳು. ಆಕಾಶದ ಅದೇ ಜಾಗದಿಂದ ಬಂದಿತ್ತು. ನವೆಂಬರಿನಲ್ಲಿ ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ ಗೀಚು ಬಿಡಿಬಿಡಿಯಾಗಿ ಬಿಚ್ಚಿಕೊಂಡಿತು: ಸುಮಾರು 1.34 ಸೆಕೆಂಡಿಗೆ ಒಂದು ಮಿಡಿತ, ಗಡಿಯಾರದಂತೆ. ಅದು ಮೊದಲ ಪಲ್ಸಾರ್, ಅಂದರೆ ಬುಗುರಿಯಂತೆ ತಿರುಗುವ ನ್ಯೂಟ್ರಾನ್ ನಕ್ಷತ್ರ.

1974ರಲ್ಲಿ ಈ ಸಂಶೋಧನೆಗೆ ಬಂದ ನೊಬೆಲ್ ಪ್ರಶಸ್ತಿ ಅವಳ ಮಾರ್ಗದರ್ಶಕರಿಗೆ ಹೋಯಿತು. ಅವಳ ಹೆಸರು ಅದರಲ್ಲಿ ಇರಲಿಲ್ಲ. 2018ರಲ್ಲಿ ಇನ್ನೊಂದು ಪ್ರಶಸ್ತಿಯಾಗಿ 30 ಲಕ್ಷ ಡಾಲರ್ ಬಂದಾಗ, ಅವಕಾಶ ಕಡಿಮೆ ಇರುವ ಸಮುದಾಯಗಳಿಂದ ಬಂದು ಭೌತವಿಜ್ಞಾನ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗಾಗಿ ಅಷ್ಟನ್ನೂ ಅವರು ಕೊಟ್ಟುಬಿಟ್ಟರು.

ಪ್ರೋಗ್ರಾಂ ತಿದ್ದಿದವರು

ಮೂರನೆಯ ಕಥೆ ನನ್ನ ಕಸುಬಿಗೆ ಹತ್ತಿರವಾದದ್ದು. ಅದು ಮತ್ತೆ ಗಣಿಗೇ ಕರೆದುಕೊಂಡು ಹೋಗುತ್ತದೆ. 1980ರ ಹೊತ್ತಿಗೆ ಭೌತವಿಜ್ಞಾನಿಗಳ ಮುಂದೆ ಒಂದು ದೊಡ್ಡ ಪ್ರಶ್ನೆ ಇತ್ತು: ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ? ಇದನ್ನು ಹುಡುಕಲು ಕೋಲಾರದಲ್ಲಿ 1980ರಲ್ಲಿ 140 ಟನ್ ತೂಕದ ಉಪಕರಣ ಕೆಲಸ ಆರಂಭಿಸಿತು. 1983ರಲ್ಲಿ ಜಪಾನಿನ ಕಾಮಿಯೋಕಾ ಗಣಿಯಲ್ಲಿ 3000 ಟನ್ ನೀರು ತುಂಬಿದ ತೊಟ್ಟಿಯೊಂದು ಸಿದ್ಧವಾಯಿತು. ತಕಾಕಿ ಕಜಿಟ ಅಲ್ಲಿ ಸಂಶೋಧನಾ ವಿದ್ಯಾರ್ಥಿ. 1986ರಲ್ಲಿ ಅವರು ಪಿಎಚ್.ಡಿ. ಮುಗಿಸಿದರು. ಪ್ರೋಟಾನ್ ಒಡೆದದ್ದು ಕಾಣಲಿಲ್ಲ. ಇಂದಿನವರೆಗೂ ಯಾರಿಗೂ ಕಂಡಿಲ್ಲ.

ಪ್ರಬಂಧ ಒಪ್ಪಿಸಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ತಾವು ಬಳಸಿದ ಕಂಪ್ಯೂಟರ್ ಪ್ರೋಗ್ರಾಂ ಇನ್ನೂ ಚೆನ್ನಾಗಿರಬೇಕಿತ್ತು ಎನಿಸಿ ಅದನ್ನು ತಿದ್ದತೊಡಗಿದರು. ತಿದ್ದಿದ್ದು ಸರಿಯಾಗಿದೆಯೇ ಎಂದು ನೋಡಲು ವಾತಾವರಣದ ನ್ಯೂಟ್ರಿನೋಗಳ ಲೆಕ್ಕ ಹಾಕಿದರು. ಮ್ಯೂಆನ್ ಜಾತಿಯ ನ್ಯೂಟ್ರಿನೋಗಳು ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಬಂದವು. ನಮ್ಮ ಕೆಲಸದಲ್ಲಿ ಇದಕ್ಕೆ 'ಬಗ್' ಎನ್ನುತ್ತೇವೆ. ಅವರೂ ಹಾಗೆಯೇ ಅಂದುಕೊಂಡು ಜೊತೆಯವರೊಂದಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ದೋಷವನ್ನು ಹುಡುಕಿದರು. ಸಿಗಲಿಲ್ಲ. 1988ರಲ್ಲಿ ಕೊರತೆಯನ್ನು ಇದ್ದದ್ದು ಇದ್ದ ಹಾಗೆ ಪ್ರಕಟಿಸಿದರು. ಅದಕ್ಕಿಂತ ದೊಡ್ಡ ತೊಟ್ಟಿ ಕಟ್ಟಿದ ಮೇಲೆ, 1998ರಲ್ಲಿ, ಉತ್ತರ ಸಿಕ್ಕಿತು: ನ್ಯೂಟ್ರಿನೋಗಳು ದಾರಿಯಲ್ಲಿ ತಮ್ಮ ಜಾತಿಯನ್ನೇ ಬದಲಿಸುತ್ತವೆ, ಅಂದರೆ ಅವಕ್ಕೆ ತೂಕವಿದೆ. 2015ರಲ್ಲಿ ಕಜಿಟ ಅವರಿಗೆ ನೊಬೆಲ್ ಬಂತು. ಅವರು ಎಣಿಸಿದ್ದು 1965ರಲ್ಲಿ ಕೋಲಾರದಲ್ಲಿ ಮೊದಲು ಸಿಕ್ಕ ಅದೇ ವಾತಾವರಣದ ನ್ಯೂಟ್ರಿನೋಗಳನ್ನು.

ನಮ್ಮ ಶಾಲೆಯ ಧ್ವಜಸ್ತಂಭ

ಈ ಮೂವರಲ್ಲಿ ಸಮಾನವಾದದ್ದು ಏನು? ದೊಡ್ಡ ಬುದ್ಧಿ ಇತ್ತು, ನಿಜ. ಆದರೆ ಅದಕ್ಕಿಂತ ಎದ್ದು ಕಾಣುವುದು ಮೂರು ಅಭ್ಯಾಸ. ತಮ್ಮ ಉಪಕರಣವನ್ನು ತಾವೇ ಕೈಯಾರೆ ಬಲ್ಲವರಾಗಿದ್ದರು. ಬೇಸರವಿಲ್ಲದೆ ದಿನವೂ ದಾಖಲೆ ಬರೆದರು. ಲೆಕ್ಕ ಹೊಂದದಿದ್ದಾಗ ಅಳಿಸಿ 'ಸರಿ' ಮಾಡದೆ, ಯಾಕೆ ಹೊಂದಲಿಲ್ಲ ಎಂದು ಕೇಳಿದರು. ಜೆರಾಕ್ಸ್ ಪ್ರಾಜೆಕ್ಟಿನಲ್ಲಿ ಮಗು ಕಳೆದುಕೊಳ್ಳುವುದು ಈ ಮೂರನ್ನೇ. ಅಲ್ಲಿ ಉತ್ತರ ಮೊದಲೇ ಅಚ್ಚಾಗಿರುತ್ತದೆ. ಹೊಂದದ ಲೆಕ್ಕ ಬರುವುದಕ್ಕೆ ಜಾಗವೇ ಇಲ್ಲ.

ಈ ಅಭ್ಯಾಸಗಳಿಗೆ ಗಣಿಯೂ ಬೇಡ, ನೀರಿನ ತೊಟ್ಟಿಯೂ ಬೇಡ. ನಮ್ಮ ಶಾಲೆಯ ಧ್ವಜಸ್ತಂಭ ಸಾಕು. ವಾರಕ್ಕೊಮ್ಮೆ ಮಧ್ಯಾಹ್ನ ಅದರ ಅತಿ ಚಿಕ್ಕ ನೆರಳನ್ನು ಅಳೆದು ಬರೆಯಬೇಕು. ಮಕ್ಕಳಿಗೆ ಮೊದಲ ಆಶ್ಚರ್ಯ ಅಲ್ಲಿಯೇ ಕಾದಿದೆ. ನೆರಳು ಅತಿ ಚಿಕ್ಕದಾಗುವುದು 12 ಗಂಟೆಗಲ್ಲ, ಆಗಸ್ಟಿನಲ್ಲಿ 12-20ರ ಆಸುಪಾಸಿಗೆ. ಯಾಕೆ? ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದ ರೇಖಾಂಶದ ಸಮಯದಲ್ಲಿ. ಎರಡನೆಯದು: ಆಗಸ್ಟ್ 18ರ ಹೊತ್ತಿಗೆ ಒಂದು ದಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ಬರುವ ಇನ್ನೊಂದು ಶೂನ್ಯ ನೆರಳಿನ ದಿನ ಬೇಸಿಗೆ ರಜೆಯಲ್ಲಿ ಹೋಗಿಬಿಡುತ್ತದೆ. ಆಗಸ್ಟಿನದು ಶಾಲೆಗೆ ಸಿಗುತ್ತದೆ. ಮೂರನೆಯದು: ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿರುವ ಬೀದರಿನ ಒಂದು ಶಾಲೆಯವರು ಅದೇ ದಿನ ಅಳೆದು ಫೋನಿನಲ್ಲಿ ತಿಳಿಸಿದರೆ, ಎರಡು ನೆರಳಿನ ವ್ಯತ್ಯಾಸದಿಂದ ಭೂಮಿಯ ಸುತ್ತಳತೆಯನ್ನು ಒಂಬತ್ತನೇ ತರಗತಿಯ ಮಕ್ಕಳೇ ಲೆಕ್ಕ ಹಾಕಬಹುದು. ಉತ್ತರ ಪುಸ್ತಕಕ್ಕೆ ಸರಿಯಾಗಿ ಹೊಂದುವುದಿಲ್ಲ. ಪಾಠ ಶುರುವಾಗುವುದು ಆಗಲೇ.

ಮುಂದೆ ಓದುವ ಮಕ್ಕಳಿಗೆ ದಾರಿಗಳಿವೆ. ಪದವಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ದೇಶದ ವಿಜ್ಞಾನ ಅಕಾಡೆಮಿಗಳು ಬೇಸಿಗೆ ಸಂಶೋಧನಾ ಫೆಲೋಷಿಪ್ ಕೊಡುತ್ತವೆ. ಜಿನೀವಾದ ಸರ್ನ್ ಪ್ರಯೋಗಾಲಯ ತನ್ನ ಪ್ರಯೋಗಗಳ ಅಂಕಿಅಂಶಗಳ ಒಂದು ಭಾಗವನ್ನು ಯಾರು ಬೇಕಾದರೂ ಬಳಸಲು ಉಚಿತವಾಗಿ ಇಟ್ಟಿದೆ. ಬೇಕಾದದ್ದು ಒಂದು ಕಂಪ್ಯೂಟರ್ ಮತ್ತು ತಾಳ್ಮೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಮನವಿ. ಸುವರ್ಣ ಮಹೋತ್ಸವದ ಕಾಣಿಕೆಯಾಗಿ ರಂಗಮಂದಿರ, ಗೇಟು, ನೀರಿನ ಫಿಲ್ಟರು ಎಲ್ಲವೂ ಬರಲಿ. ಜೊತೆಗೆ ಒಂದು ಅಳತೆ ಟೇಪು, ಒಂದು ದಪ್ಪ ರಟ್ಟಿನ ರಿಜಿಸ್ಟರು ಕೂಡ ಬರಲಿ. ಅದರ ಮೊದಲ ಪುಟದಲ್ಲಿ ಈ ವರ್ಷದ ಮಕ್ಕಳು ತಾವೇ ಅಳೆದ ನೆರಳಿನ ಉದ್ದ, ದಿನಾಂಕ, ತಮ್ಮ ಹೆಸರು ಬರೆಯಲಿ. ತಪ್ಪಿದ ಅಳತೆಯನ್ನೂ ಹೊಡೆದುಹಾಕದೆ ಉಳಿಸಲಿ. ವಿಜ್ಞಾನದ ಮೇಷ್ಟ್ರು ಒಪ್ಪಿದರೆ ಮೊದಲ ರಿಜಿಸ್ಟರಿನ ಖರ್ಚು ನನ್ನದು. ಬೀದರ್ ಕಡೆ ಕೆಲಸದಲ್ಲಿರುವ ನಮ್ಮ ಶಾಲೆಯವರು ಯಾರಾದರೂ ಇದ್ದರೆ, ಅಲ್ಲಿನ ಒಂದು ಸರ್ಕಾರಿ ಶಾಲೆಯನ್ನು ಗೊತ್ತುಮಾಡಿಕೊಡುವ ಹೊಣೆ ಅವರದು.